ಅತ್ತರಿನ ವಾಸನೆ ಎಲ್ಲಿಗೆ ಹೋಗುತ್ತದೆ?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಮೇಷ್ಟ್ರು ನನಗೆ ಕೊಟ್ಟ ವಿಷಯ ಗುಲಾಬಿ ಅತ್ತರು. ಬೇರೆಯವರಿಗೆಲ್ಲ ಕಾಮನಬಿಲ್ಲು, ಎರೆಹುಳು, ಗ್ರಹಣ ಅಂತ ಒಳ್ಳೊಳ್ಳೆ ವಿಷಯ ಸಿಕ್ಕಿತು. ನನಗೆ ಮಾತ್ರ ಅತ್ತರು ಯಾಕೆ ಅಂತ ಒಂಬತ್ತನೇ ತರಗತಿಯವರಿಗೆಲ್ಲ ಗೊತ್ತು. ಉಳಿದವರಿಗೆ ಗೊತ್ತಿಲ್ಲದ ಕಾರಣ ಮೊದಲು ಅದನ್ನೇ ಬರೆದುಬಿಡುತ್ತೇನೆ.

ನನ್ನ ಬೆಂಚಿನಲ್ಲಿ ಕೂರುವ ಗೆಳೆಯ ಪ್ರತಿ ಶುಕ್ರವಾರ ಅತ್ತರು ಹಾಕಿಕೊಂಡು ಬರುತ್ತಾನೆ. ಅವರ ತಾತ ಮೊದಲು ಉರುಸು, ಜಾತ್ರೆಗಳಲ್ಲಿ ಅತ್ತರು ಮಾರುತ್ತಿದ್ದವರು. ಒಂದು ಶುಕ್ರವಾರ ಕನ್ನಡ ಪೀರಿಯಡ್ಡಿನಲ್ಲಿ ನಾನು ಎದ್ದು ನಿಂತು, "ಸಾರ್, ಇವನ ಪಕ್ಕ ಕೂತ್ರೆ ತಲೆನೋವು ಬರುತ್ತೆ, ನನ್ನ ಜಾಗ ಬದಲಾಯಿಸಿ ಸಾರ್" ಅಂದೆ. ಇಡೀ ಕ್ಲಾಸು ನಕ್ಕಿತು. ನನಗೂ ಖುಷಿಯಾಯಿತು. ಅವನು ಏನೂ ಮಾತಾಡದೆ ಪುಸ್ತಕ ಎತ್ತಿಕೊಂಡು ಕೊನೆ ಬೆಂಚಿಗೆ ಹೋಗಿ ಒಬ್ಬನೇ ಕೂತ. ಮರುದಿನವೂ ಅಲ್ಲೇ ಕೂತ.

ಈ ಸುದ್ದಿ ವಿಜ್ಞಾನದ ಮೇಷ್ಟ್ರ ಕಿವಿಗೆ ಬಿತ್ತು. ಅವರು ಬೈಯಲಿಲ್ಲ. ನನ್ನನ್ನು ಕರೆದು, "ಏನಯ್ಯಾ, ತಲೆನೋವು ಯಾವುದರಿಂದ ಬಂತು? ಗುಲಾಬಿಯಿಂದಲೋ, ಲವಂಗದಿಂದಲೋ, ಗಂಧದಿಂದಲೋ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. "ಗೊತ್ತಿಲ್ಲದೆ ದೂರು ಹೇಳಬಾರದು. ಅವರ ತಾತನ ಹತ್ರ ಹೋಗಿ ತಿಳ್ಕೊಂಡು ಬಾ, ಪ್ರಯೋಗ ಮಾಡು, ಬರೆದು ಗೋಡೆಗೆ ಹಾಕು" ಅಂದರು. ಹಾಗಾಗಿ ಈ ಲೇಖನ.

ತಾತ ಹೇಳಿದ್ದು

ಭಾನುವಾರ ಹೆದರಿಕೊಂಡೇ ಅವರ ಮನೆಗೆ ಹೋದೆ. ಗೆಳೆಯ ನನ್ನನ್ನು ನೋಡಿ ಒಳಗೆ ಹೋಗಿಬಿಟ್ಟ. ತಾತ ಮಾತ್ರ "ಬಾ ಮಗಾ, ಕೂತ್ಕೋ" ಅಂತ ಜಗಲಿ ಮೇಲೆ ಕೂರಿಸಿಕೊಂಡರು. ನಾನು ಬಂದ ಕಾರಣ ಹೇಳಿದೆ. ಜಾಗ ಬದಲಾಯಿಸಿದ ವಿಷಯ ಮಾತ್ರ ಹೇಳಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು.

ಅವರು ಒಳಗಿನಿಂದ ಒಂದು ಮರದ ಪೆಟ್ಟಿಗೆ ತಂದರು. ಅದರೊಳಗೆ ಸಣ್ಣ ಸಣ್ಣ ಗಾಜಿನ ಶೀಶೆಗಳು. ಒಂದರಲ್ಲಿ ಮಾತ್ರ ಅರ್ಧ ಇಂಚಿನಷ್ಟು ಅತ್ತರು ಉಳಿದಿತ್ತು. ಬಣ್ಣ ಜೇನುತುಪ್ಪದ ಹಾಗೆ. "ಇದು ಹಳೇದು. ಕೆಳಗೆ ಗಂಧದೆಣ್ಣೆ, ಅದರ ಮೇಲೆ ಗುಲಾಬಿ. ಲವಂಗದೆಣ್ಣೆ ನಾನೇ ಒಂಚೂರು ಸೇರಿಸಿದ್ದು" ಅಂದರು. ಲವಂಗ ಯಾಕೆ ತಾತ ಅಂತ ಕೇಳಿದ್ದಕ್ಕೆ, "ಬರೀ ಗುಲಾಬಿ ಆದ್ರೆ ಸಕ್ಕರೆ ಪಾಕದ ಹಾಗೆ ಸಿಹಿ ಆಗುತ್ತೆ. ಸ್ವಲ್ಪ ಖಾರ ಇದ್ದರೆ ರುಚಿ" ಅಂದರು. ಅಡುಗೆಯವರು ಮಾತಾಡಿದ ಹಾಗೇ ಇತ್ತು.

ಅತ್ತರು ಮಾಡುವುದು ಹೇಗೆ?

ಗುಲಾಬಿ ಅತ್ತರಿಗೆ ನಮ್ಮ ದೇಶದಲ್ಲಿ ಹೆಸರಾದ ಊರು ಉತ್ತರ ಪ್ರದೇಶದ ಕನೌಜ್. ಇತಿಹಾಸದ ಪಾಠದಲ್ಲಿ ಹರ್ಷವರ್ಧನನ ರಾಜಧಾನಿ ಅಂತ ಓದಿದ್ದೇವಲ್ಲ, ಅದೇ ಕನೌಜ್. ಅಲ್ಲಿ ಇವತ್ತಿಗೂ ಹಳೇ ಕ್ರಮದಲ್ಲೇ ಅತ್ತರು ಇಳಿಸುವವರಿದ್ದಾರೆ.

ಅದನ್ನು ತಿಳಿಯಲು ನಮ್ಮನೆಯ ಇಡ್ಲಿ ಪಾತ್ರೆ ನೆನೆಸಿಕೊಳ್ಳಿ. ಮುಚ್ಚಳ ತೆಗೆದಾಗ ಅದರ ಒಳಗಡೆ ನೀರಿನ ಹನಿ ಇರುತ್ತದೆ. ಕೆಳಗೆ ಕುದಿದ ನೀರು ಆವಿಯಾಗಿ ಮೇಲೇರಿ, ಮುಚ್ಚಳಕ್ಕೆ ತಾಗಿ ತಣ್ಣಗಾಗಿ ಮತ್ತೆ ನೀರಾಗಿದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಆಸವನ ಅಂತಾರೆ. ರೂಢಿಯಲ್ಲಿ ಭಟ್ಟಿ ಇಳಿಸುವುದು.

ಕನೌಜಿನಲ್ಲಿ ಇಡ್ಲಿ ಪಾತ್ರೆಯ ಬದಲು ದೊಡ್ಡ ತಾಮ್ರದ ಹಂಡೆ ಇರುತ್ತದೆ. ಅದಕ್ಕೆ ಡೇಗ್ ಎಂದು ಹೆಸರು. ಅದರಲ್ಲಿ ನೀರು ಮತ್ತು ಗುಲಾಬಿ ಹೂವು ತುಂಬಿ, ಮುಚ್ಚಳ ಹಾಕಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತುತ್ತಾರೆ. ಕೆಳಗೆ ಸೌದೆ, ಬೆರಣಿಯ ಬೆಂಕಿ. ಹಂಡೆಯಿಂದ ಒಂದು ಬಿದಿರಿನ ಕೊಳವೆ ಹೊರಟು, ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಇನ್ನೊಂದು ತಾಮ್ರದ ಪಾತ್ರೆಗೆ ಸೇರುತ್ತದೆ. ಈ ಪಾತ್ರೆಯ ಹೆಸರು ಭಪ್ಕಾ. ಹೂವಿನ ಪರಿಮಳ ಹೊತ್ತ ಆವಿ ಕೊಳವೆಯಲ್ಲಿ ಬಂದು ಭಪ್ಕಾದಲ್ಲಿ ತಣ್ಣಗಾಗಿ ನೀರಾಗುತ್ತದೆ. (ಪಕ್ಕದಲ್ಲಿರುವ ಚಿತ್ರ ನೋಡಿ.)

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಹಳೇ ಕ್ರಮದಲ್ಲಿ ಭಪ್ಕಾ ಖಾಲಿ ಇರುವುದಿಲ್ಲ. ಅದರಲ್ಲಿ ಮೊದಲೇ ಗಂಧದೆಣ್ಣೆ ಹಾಕಿರುತ್ತಾರೆ. ಗುಲಾಬಿಯ ಪರಿಮಳವನ್ನು ಗಂಧದೆಣ್ಣೆ ಹಿಡಿದುಕೊಳ್ಳುತ್ತದೆ. ಆಮೇಲೆ ನೀರನ್ನು ಬೇರೆ ಮಾಡಿ, ಮಾರನೇ ದಿನ ಹೊಸ ಹೂವು ಹಾಕಿ, ಅದೇ ಎಣ್ಣೆಗೆ ಮತ್ತೆ ಪರಿಮಳ ಇಳಿಸುತ್ತಾರೆ. ಹೀಗೆ ಹಲವು ದಿನ ಮಾಡಿದ ಮೇಲೆ ಅತ್ತರು ಸಿದ್ಧ. ಗಂಧದೆಣ್ಣೆ ಇಲ್ಲದೆ ಬರೀ ಗುಲಾಬಿಯ ಎಣ್ಣೆ ತೆಗೆದರೆ ಅದಕ್ಕೆ ರೂಹ್ ಎಂದು ಹೆಸರು. ರೂಹ್ ಅಂದರೆ ಆತ್ಮ. ಒಂದು ಕಿಲೋ ಗುಲಾಬಿ ಎಣ್ಣೆಗೆ ಸುಮಾರು 3ರಿಂದ 5 ಸಾವಿರ ಕಿಲೋ ಹೂವು ಬೇಕಾಗುತ್ತದೆ. ಬಿಸಿಲೇರಿದರೆ ಪರಿಮಳ ಹಾರಿಹೋಗುತ್ತದೆ ಎಂದು ಹೂವನ್ನು ನಸುಕಿನಲ್ಲೇ ಬಿಡಿಸುತ್ತಾರೆ. ನಮ್ಮೂರಲ್ಲಿ ಮಲ್ಲಿಗೆ, ಕಾಕಡ ಬಿಡಿಸುವವರೂ ಬೆಳಗಾಗುವ ಮುಂಚೆ ತೋಟಕ್ಕೆ ಹೋಗುತ್ತಾರಲ್ಲ, ಹಾಗೆ.

ಮೊಗಲ್ ಚಕ್ರವರ್ತಿ ಜಹಾಂಗೀರ್ (ಆಳ್ವಿಕೆ 1605ರಿಂದ 1627) ತನ್ನ ಆತ್ಮಕಥೆಯಲ್ಲಿ ಗುಲಾಬಿ ಎಣ್ಣೆಯ ವಿಷಯ ಬರೆದಿದ್ದಾನೆ. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರು ಮಾಡುವಾಗ ಬಿಸಿ ಪನ್ನೀರಿನ ಮೇಲೆ ಎಣ್ಣೆಯಂಥ ಪದರ ತೇಲುವುದನ್ನು ಕಂಡು ಅದನ್ನು ಕೂಡಿಸಿದಳಂತೆ. ಬಾದಶಹ ಮೆಚ್ಚಿ ಮುತ್ತಿನ ಹಾರ ಕೊಟ್ಟನಂತೆ. ಅತ್ತರಿನ ಕಥೆಯಲ್ಲಿ ರಾಜನಿಗಿಂತ ಅತ್ತೆಯ ಹೆಸರು ದೊಡ್ಡದಾಗಿದೆ!

ನಮ್ಮೂರಿಗೂ ಅತ್ತರಿಗೂ ಏನು ನಂಟು?

ಗುಲಾಬಿ ಅಲ್ಲಿಯದಾದರೆ ಗಂಧ ನಮ್ಮದು. ಅತ್ತರಿಗೆ ಬಳಸುವ ಗಂಧದೆಣ್ಣೆಯಲ್ಲಿ ದೊಡ್ಡ ಹೆಸರು ಮೈಸೂರು ಗಂಧದೆಣ್ಣೆಯದು. ಮೊದಲು ನಮ್ಮ ಗಂಧದ ಮರ ಹಡಗಿನಲ್ಲಿ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಮರ ಕೊಳ್ಳುವವರಿಲ್ಲದೆ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ, 1916ರಲ್ಲಿ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯುವ ಕೆಲಸ ಆರಂಭಿಸಿತು.

ಗಂಧದ ಮರದ ಎಲೆ, ತೊಗಟೆಗೆ ಆ ಪರಿಮಳ ಇಲ್ಲ. ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಒಳ್ಳೆ ಚೇಗು ಕೂಡಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಗಂಧದ ಗಿಡ ಒಂಟಿಯಾಗಿ ಚೆನ್ನಾಗಿ ಬೆಳೆಯುವುದಿಲ್ಲ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಸೇರಿಸಿ ಅದರಿಂದ ನೀರು, ಲವಣ ಪಡೆಯುತ್ತದೆ. ಇಂಥ ಗಿಡಕ್ಕೆ ಅರೆಪರಾವಲಂಬಿ ಎಂದು ಹೆಸರು.

ಈಗ ಗಂಧದ ಮರ ಕಡಿಮೆಯಾಗಿ ಎಣ್ಣೆಯ ಬೆಲೆ ಏರಿದೆ. ಅದಕ್ಕೇ ಅಗ್ಗದ ಅತ್ತರುಗಳಲ್ಲಿ ಗಂಧದೆಣ್ಣೆಯ ಬದಲು ವಾಸನೆ ಇಲ್ಲದ ಪ್ಯಾರಾಫಿನ್ ಎಣ್ಣೆ ಹಾಕುತ್ತಾರೆ. ತಾತನ ಹಳೇ ಶೀಶೆಯಲ್ಲಿ ಅರ್ಧ ಇಂಚು ಮಾತ್ರ ಯಾಕೆ ಉಳಿದಿದೆ, ಅದನ್ನು ಯಾಕೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ ಅಂತ ನನಗೆ ಆಗ ಅರ್ಥವಾಯಿತು. ಅದರಲ್ಲೇ ಅವರು ಪ್ರಯೋಗಕ್ಕೆ ಅಂತ ಮೂರು ಹನಿ ಕೊಟ್ಟರು.

ನಮ್ಮ ಪ್ರಯೋಗ

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೇಷ್ಟ್ರು ಒಂದು ಹನಿ ನನ್ನ ಎಡಗೈ ಮಣಿಕಟ್ಟಿಗೆ, ಒಂದು ಹನಿ ಸೋಸುಕಾಗದದ ಚೂರಿಗೆ, ಒಂದು ಹನಿ ಬಿಳೀ ಹತ್ತಿ ಬಟ್ಟೆಗೆ ಹಾಕಿದರು. ಪ್ರತಿ ಬೆಲ್ಲಿಗೂ ಮೂರು ಜನ ಮೂಸಿ ನೋಡಬೇಕು: ನಾನು, ನಮ್ಮ ಕ್ಲಾಸ್ ಲೀಡರ್, ಮತ್ತು ನನ್ನ ಗೆಳೆಯ. ಅವನು ಬರುತ್ತಾನೋ ಇಲ್ಲವೋ ಅಂತ ನನಗೆ ಅನುಮಾನ ಇತ್ತು. ಮೇಷ್ಟ್ರು ಕರೆದಿದ್ದರಿಂದ ಬಂದ. ನನ್ನ ಜೊತೆ ಮಾತಾಡಲಿಲ್ಲ. ಮೂಸಿ, ನೋಟ್ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಮೂರು ಜನ ಬರೆದದ್ದನ್ನು ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಹಾಕಿದ ತಕ್ಷಣ: ಮೂಗಿಗೆ ಚುರ್ ಅನ್ನುವ ಖಾರ. ಅದರ ಹಿಂದೆಯೇ ಗುಲಾಬಿ. ಮದುವೆ ಮನೆಯಲ್ಲಿ ಪನ್ನೀರು ಎರಚಿದ ಹಾಗೆ.

ಪ್ರಾರ್ಥನೆ ಮುಗಿದಾಗ: ಗುಲಾಬಿ ಜೋರು, ಸಿಹಿ. ಲವಂಗ ಅದರ ಜೊತೆ ಬೆರೆತಿತ್ತು. ಮುಂದಿನ ಸಾಲಿನವರೂ ತಿರುಗಿ ನೋಡಿದರು.

ಸಣ್ಣ ಬೆಲ್ಲು (ಸುಮಾರು ಒಂದೂವರೆ ಗಂಟೆ ಆದ ಮೇಲೆ): ಸಿಹಿ ಕಡಿಮೆ. ಗುಲಾಬಿಯ ಒಣಗಿದ ಪಕಳೆಯ ವಾಸನೆ. ಲವಂಗ ಚೆನ್ನಾಗಿ ತಿಳಿಯುತ್ತದೆ.

ಊಟದ ಬೆಲ್ಲು: ಕೈಯಲ್ಲಿ ಅರ್ಧ ಹೂವು, ಅರ್ಧ ಮರ. ಕಾಗದದಲ್ಲಿ ಮಾತ್ರ ಇನ್ನೂ ಹೂವೇ ಹೆಚ್ಚು. ಬಿಸಿಯೂಟದ ಸಾರಿನ ವಾಸನೆ ಬಂದಿದ್ದರಿಂದ ಹೊರಗೆ ಹೋಗಿ ಮೂಸಿದೆವು.

ಮೂರು ಗಂಟೆ: ಗುಲಾಬಿ ಹುಡುಕಬೇಕು. ಪೆನ್ಸಿಲ್ ಮೆಂಡರ್ ಮಾಡಿದಾಗ ಬರುವಂಥ ಒಣ ಮರದ ವಾಸನೆ.

ಮನೆಗೆ ಬಿಡುವ ಬೆಲ್ಲು: ಬರೀ ಗಂಧ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧದ ಹಾಗೆ, ಹಾಲಿನಂತೆ ತಣ್ಣಗೆ. ಮೂಗನ್ನು ಕೈಗೆ ತಾಗಿಸಿದರೆ ಮಾತ್ರ ತಿಳಿಯುತ್ತದೆ.

ಮಾರನೇ ದಿನ: ಕೈಯಲ್ಲಿ ಏನೂ ಇಲ್ಲ. ಬಟ್ಟೆಯಲ್ಲಿ ಗಂಧವೂ ಇದೆ, ಗುಲಾಬಿಯ ನೆರಳೂ ಇದೆ.

ಹೀಗೇಕಾಗುತ್ತದೆ?

ಅತ್ತರು ಒಂದೇ ವಾಸನೆ ಅಂದುಕೊಂಡಿದ್ದೆ. ಅದು ಒಂದಲ್ಲ. ಅದರಲ್ಲಿ ಬೇರೆ ಬೇರೆ ವಸ್ತುಗಳ ಅಣುಗಳಿವೆ. ಅಣು ಹಾರಿ ಗಾಳಿಗೆ ಬಂದು ಮೂಗು ಸೇರಿದರೆ ಮಾತ್ರ ನಮಗೆ ವಾಸನೆ. ಹಗುರಾದವು ಬೇಗ ಹಾರುತ್ತವೆ, ಭಾರವಾದವು ತಡ ಮಾಡುತ್ತವೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದ ಅಣುತೂಕ ಇದು:

ಫಿನೈಲ್ ಈಥೈಲ್ ಆಲ್ಕೊಹಾಲ್ (ಗುಲಾಬಿ, ಪನ್ನೀರಿನ ವಾಸನೆ): 122
ಜಿರೇನಿಯಾಲ್ (ಗುಲಾಬಿ): 154
ಸಿಟ್ರೊನೆಲ್ಲೋಲ್ (ಗುಲಾಬಿ): 156
ಯುಜಿನಾಲ್ (ಲವಂಗ): 164
ಸ್ಯಾಂಟಲಾಲ್ (ಗಂಧ): 220

ನೋಡಿ, ನಮ್ಮ ಮೂಗು ಬರೆದ ಕ್ರಮವೂ ಲೆಕ್ಕದ ಕ್ರಮವೂ ಒಂದೇ. ಮೊದಲು ಗುಲಾಬಿ, ಆಮೇಲೆ ಲವಂಗ, ಕೊನೆಗೆ ಗಂಧ. ಆದರೆ ತೂಕ ಒಂದೇ ಕಾರಣವಲ್ಲ, ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದೂ ಸೇರುತ್ತದೆ ಎಂದು ಮೇಷ್ಟ್ರು ಹೇಳಿದ್ದಾರೆ.

ಇನ್ನೊಂದು ಆಶ್ಚರ್ಯ. ಲವಂಗದ ಯುಜಿನಾಲ್ ಗುಲಾಬಿ ಎಣ್ಣೆಯಲ್ಲೂ ಸ್ವಲ್ಪ ಇದೆ! ನಮ್ಮನೆ ಮುಂದಿನ ತುಳಸಿಯಲ್ಲೂ ಇದೆ. ಪನ್ನೀರು ಗುಲಾಬಿಯನ್ನು ಚೆನ್ನಾಗಿ ಮೂಸಿದರೆ ಒಳಗೆ ಸಣ್ಣ ಖಾರ ಸಿಗುತ್ತದೆ. ಆದ್ದರಿಂದ ತಾತ ಲವಂಗ ಸೇರಿಸಿದ್ದು ಹೊರಗಿನಿಂದ ತಂದು ಹಾಕಿದ್ದಲ್ಲ, ಗುಲಾಬಿಯಲ್ಲೇ ಇದ್ದದ್ದನ್ನು ಸ್ವಲ್ಪ ಜೋರು ಮಾಡಿದ್ದು.

ಗಂಧದೆಣ್ಣೆಗೆ ಎರಡು ಕೆಲಸ. ಒಂದು, ತನ್ನ ಪರಿಮಳ ಕೊಡುವುದು. ಎರಡು, ಹಗುರಾದ ಗುಲಾಬಿ ಅಣುಗಳು ಒಟ್ಟಿಗೇ ಹಾರಿಹೋಗದಂತೆ ತಡೆಯುವುದು. ಜಾತ್ರೆಯಲ್ಲಿ ಮಕ್ಕಳು ಅಮ್ಮನ ಸೆರಗು ಹಿಡಿದುಕೊಂಡಿದ್ದರೆ ಬೇಗ ಓಡಿಹೋಗಲು ಆಗುವುದಿಲ್ಲ. ಅದೇ ರೀತಿ. ಅಂಗಡಿಯಲ್ಲಿ ಸಿಗುವ ಪುಸ್ ಅನ್ನುವ ಸೆಂಟಿನಲ್ಲಿ ಆಲ್ಕೊಹಾಲ್ ಇರುತ್ತದೆ. ಅದು ಬೇಗ ಹಾರುವುದರಿಂದ ವಾಸನೆ ಒಮ್ಮೆಗೇ ರೂಮೆಲ್ಲ ತುಂಬುತ್ತದೆ. ಅತ್ತರಿನಲ್ಲಿ ಆಲ್ಕೊಹಾಲ್ ಇಲ್ಲದ್ದರಿಂದ ಅದು ಮೈಗೆ ಹತ್ತಿರವಾಗಿ, ನಿಧಾನವಾಗಿ ಬರುತ್ತದೆ.

ಕೈಯಲ್ಲಿ ಬೇಗ ಹೋಗಿ ಕಾಗದ, ಬಟ್ಟೆಯಲ್ಲಿ ಯಾಕೆ ಉಳಿಯಿತು? ಮೈ ಬಿಸಿಯಿದೆ. ಬಿಸಿಗೆ ಅಣು ಬೇಗ ಹಾರುತ್ತವೆ. ಬಟ್ಟೆ ತಣ್ಣಗಿರುತ್ತದೆ, ನೂಲಿನ ಸಂದಿಯಲ್ಲಿ ಎಣ್ಣೆ ಅಡಗಿಕೊಳ್ಳುತ್ತದೆ. ತಾತ ಅತ್ತರನ್ನು ಹತ್ತಿಗೆ ಹಾಕಿ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ಇದಕ್ಕೇ ಇರಬೇಕು ಅಂತ ನನಗನ್ನಿಸಿತು.

ಮೂಗು ಮಾಡುವ ಮೋಸ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡನೇ ಪೀರಿಯಡ್ಡಿನ ಮಧ್ಯದಲ್ಲಿ ನನ್ನ ಕೈಯ ವಾಸನೆ ನನಗೆ ತಿಳಿಯುವುದೇ ನಿಂತುಹೋಯಿತು. "ಹೋಯ್ತು ಸಾರ್, ಅತ್ತರು ಮುಗೀತು" ಅಂದೆ. ಲೀಡರ್ ಮೂಸಿ, "ಏನೂ ಹೋಗಿಲ್ಲ, ಇಲ್ಲೀವರ್ಗೂ ಘಮ್ ಅಂತಿದೆ ಕಣೋ" ಅಂದಳು. ಮೇಷ್ಟ್ರು ನನ್ನನ್ನು ಹೊರಗೆ ಮೈದಾನಕ್ಕೆ ಕಳಿಸಿ, ಕೈಯನ್ನು ದೂರ ಚಾಚಿಕೊಂಡು ಹತ್ತು ನಿಮಿಷ ಗಾಳಿ ಕುಡಿದು ಬಾ ಅಂದರು. ಹಾಗೆ ಮಾಡಿ ಬಂದು ಮೂಸಿದರೆ ಗುಲಾಬಿ ಮತ್ತೆ ಅಲ್ಲೇ ಇದೆ!

ವಾಸನೆ ಎಲ್ಲೂ ಹೋಗಿರಲಿಲ್ಲ. ನನ್ನ ಮೂಗು ಅದನ್ನು ಹೇಳುವುದು ನಿಲ್ಲಿಸಿತ್ತು ಅಷ್ಟೇ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಗ್ರಾಹಕಗಳಿವೆ. ಮನುಷ್ಯನಲ್ಲಿ ಸುಮಾರು 400 ಬಗೆಯವು. ಇವುಗಳ ಬಗ್ಗೆ ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮೆದುಳು ಎರಡೂ ಅದಕ್ಕೆ ಒಗ್ಗಿಹೋಗುತ್ತವೆ. ಹೊಸ ವಾಸನೆ ಬಂದರೆ ತಿಳಿಯಲಿ ಅಂತ ಹಳೆಯದನ್ನು ಬದಿಗಿಡುತ್ತವೆ.

ಆಗ ನನಗೆ ಗೆಳೆಯನ ವಿಷಯ ಹೊಳೆಯಿತು. ಅವನು ಶುಕ್ರವಾರ ಬೆಳಿಗ್ಗೆ ಒಂದು ಹನಿ ಹಾಕಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಅವನಿಗೇ ತಿಳಿಯುವುದಿಲ್ಲ. ಹೋಯಿತು ಅಂದುಕೊಂಡು ಇನ್ನೊಂದು ಹನಿ ಹಾಕುತ್ತಾನೆ. ಪಕ್ಕದಲ್ಲಿ ಕೂತ ನನಗೆ ಎರಡೂ ಹನಿ ಸೇರಿ ಬಡಿಯುತ್ತದೆ. ಜೋರು ವಾಸನೆಯಿಂದ ಕೆಲವರಿಗೆ ತಲೆನೋವು ಬರುವುದೂ ನಿಜ. ಅದಕ್ಕೆ ಗುಲಾಬಿಯೂ ಕಾರಣವಲ್ಲ, ಗಂಧವೂ ಕಾರಣವಲ್ಲ, ಹನಿಯ ಲೆಕ್ಕ ತಪ್ಪಿದ್ದು ಕಾರಣ. "ಒಂದು ಹನಿ ಕಡಿಮೆ ಹಾಕ್ಕೋ ಕಣೋ" ಅಂತ ನಾನು ಅವನ ಕಿವಿಯಲ್ಲಿ ಹೇಳಬಹುದಿತ್ತು. ಇಡೀ ಕ್ಲಾಸಿಗೆ ಹೇಳಿದೆ.

ಇದನ್ನು ಹೇಳಲು ಸಂಜೆ ಮತ್ತೆ ಅವರ ಮನೆಗೆ ಹೋದೆ. ತಾತನ ಹತ್ತಿರ ಎಲ್ಲವನ್ನೂ ಹೇಳಿ ತಪ್ಪಾಯಿತು ಅಂದೆ. ಅವರು ನಕ್ಕು, ನನ್ನ ಅಂಗಿಯ ತೋಳು ಹಿಡಿದು ಮೂಸಿದರು. "ನಿಮ್ಮನೇಲಿ ಬ್ಯಾರನ್ ಹತ್ತಿಸಿದ್ದಾರಾ ಮಗಾ?" ಅಂತ ಕೇಳಿದರು.

ನಮ್ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಬೇಯಿಸುವ ಕಾಲದಲ್ಲಿ ಬ್ಯಾರನ್ ಹಗಲೂ ರಾತ್ರಿ ಉರಿಯುತ್ತದೆ. ಅಪ್ಪ ರಾತ್ರಿ ಅಲ್ಲೇ ಮಲಗುತ್ತಾರೆ. ನಾನೂ ಸೊಪ್ಪು ಕಟ್ಟಿಸಿ, ಕೈ ತೊಳೆದುಕೊಂಡು ಸ್ಕೂಲಿಗೆ ಬರುತ್ತೇನೆ. ನನ್ನ ಅಂಗಿಗೆ ವಾಸನೆ ಇದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನನ್ನ ಅಂಗಿ ನಾನೇ ಮೂಸಿದೆ. ಏನೂ ಬರಲಿಲ್ಲ. ಗೆಳೆಯನ ಕಡೆ ತಿರುಗಿ, "ನನ್ನ ಮೈ ವಾಸನೆ ಬರುತ್ತೇನೋ?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟನೇ ಕ್ಲಾಸಿಂದ ಬರುತ್ತೆ" ಅಂದ.

ಎಂಟನೇ ತರಗತಿಯಿಂದ ಅವನು ನನ್ನ ಪಕ್ಕ ಕೂತಿದ್ದಾನೆ. ಒಂದು ದಿನವೂ ಎದ್ದು ನಿಂತು ಹೇಳಿರಲಿಲ್ಲ.

ನೀವೂ ಮಾಡಿ ನೋಡಿ

1. ಅತ್ತರು ಇಲ್ಲದಿದ್ದರೆ ಮಲ್ಲಿಗೆ ಹೂವು ಸಾಕು. ಮುಡಿದ ಹುಡುಗಿಯರು ಎಷ್ಟು ಹೊತ್ತಿಗೆ ತಮಗೆ ವಾಸನೆ ತಿಳಿಯುವುದು ನಿಂತಿತು ಅಂತ ಬರೆದಿಡಿ. ಹಿಂದಿನ ಬೆಂಚಿನವರಿಗೆ ಆಗಲೂ ತಿಳಿಯುತ್ತದೆಯೇ ಕೇಳಿ.

2. ಒಂದು ಕಾಗದಕ್ಕೆ ಲವಂಗ, ಇನ್ನೊಂದಕ್ಕೆ ತುಳಸಿ ಎಲೆ ಜಜ್ಜಿ ಹಚ್ಚಿ. ಕಣ್ಣು ಮುಚ್ಚಿ ಮೂಸಿ, ಎರಡರಲ್ಲೂ ಒಂದೇ ಇರುವ ವಾಸನೆ ಹುಡುಕಿ.

3. ನಾಲ್ಕು ದಿನ ನೆಂಟರ ಮನೆಗೆ ಹೋಗಿ ಬಂದಾಗ, ನಿಮ್ಮ ಮನೆ ಬಾಗಿಲಲ್ಲಿ ನಿಂತು ಮೊದಲ ಉಸಿರು ಎಳೆದು ನೋಡಿ. ನಿಮ್ಮ ಮನೆಯ ವಾಸನೆ ನಿಮಗೆ ಸಿಗುವುದು ಆಗ ಮಾತ್ರ.

ಎಚ್ಚರಿಕೆ: ಲವಂಗದೆಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಉರಿಯುತ್ತದೆ. ಕಣ್ಣಿನ ಹತ್ತಿರ ಒಯ್ಯಬಾರದು. ತಾತ ಹಾಕಿದ್ದು ಬೇರೆ ಎಣ್ಣೆಯಲ್ಲಿ ಬೆರೆಸಿದ ಸ್ವಲ್ಪವೇ ಸ್ವಲ್ಪ.

ಈ ಲೇಖನವನ್ನು ಗೋಡೆಗೆ ಅಂಟಿಸುವ ಮುಂಚೆ ಗೆಳೆಯನಿಗೆ ಓದಿ ತೋರಿಸಿದ್ದೇನೆ. ಅವನು ಒಂದು ತಪ್ಪು ತಿದ್ದಿದ. ನಾನು ಭಪ್ಕಾವನ್ನು ಬೆಂಕಿಯ ಮೇಲೆ ಇಡುತ್ತಾರೆ ಅಂತ ಬರೆದಿದ್ದೆ, ಅದು ನೀರಿನಲ್ಲಿರುತ್ತದೆ. ಡೇಗ್, ಭಪ್ಕಾದ ಚಿತ್ರ ಬರೆದವನೂ ಅವನೇ. ಇಡೀ ಕ್ಲಾಸಿನ ಮುಂದೆ ಹೇಳಿದ ಮಾತಿಗೆ ಇಡೀ ಶಾಲೆಯ ಮುಂದೆ ತಪ್ಪಾಯಿತು ಅನ್ನಬೇಕು ಅಂತ ನನಗೆ ಅನ್ನಿಸಿದ್ದರಿಂದ ನಡೆದದ್ದನ್ನೆಲ್ಲ ಬರೆದಿದ್ದೇನೆ. ಈ ಶುಕ್ರವಾರದಿಂದ ಅವನು ನಮ್ಮ ಬೆಂಚಿಗೇ ಬಂದಿದ್ದಾನೆ. ಒಂದೇ ಹನಿ ಹಾಕಿಕೊಂಡು ಬರುತ್ತಾನೆ, ಮಧ್ಯಾಹ್ನ ಇದೆಯೋ ಹೋಯಿತೋ ಅಂತ ನನ್ನನ್ನು ಕೇಳುತ್ತಾನೆ. ಬ್ಯಾರನ್ ಮುಗಿಯುವವರೆಗೆ ನಾನು ಸ್ಕೂಲಿನ ಅಂಗಿಯನ್ನು ಅಜ್ಜಿಯ ಪೆಟ್ಟಿಗೆಯಲ್ಲಿ ಬೇರೆ ಇಡುತ್ತಿದ್ದೇನೆ.

ಲೇಖನದಲ್ಲಿ ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ
(ಚಿತ್ರ: ಅದೇ ಬೆಂಚಿನ ಗೆಳೆಯ)